ಗಾಣದ ತಿರುವಿನಲ್ಲಿ ನಿಂತ ಬಸ್ಸು

ನಮ್ಮೂರಿನ ಕೆರೆ ಏರಿ ಇಳಿದ ಕೂಡಲೇ ರಸ್ತೆಯ ಮಧ್ಯೆ ಒಂದು ಹಳೆಯ ಟ್ರ್ಯಾಕ್ಟರು ಸಿಗುತ್ತದೆ. ನನ್ನ ಅಮ್ಮ ಮದುವೆಯಾಗಿ ಈ ಊರಿಗೆ ಬಂದಾಗಲೂ ಅದು ಅಲ್ಲೇ ಇತ್ತಂತೆ. ಸೀಟು ಇದ್ದ ಜಾಗದಲ್ಲಿ ಈಗ ಬೇವಿನ ಮರ ಬೆಳೆದಿದೆ, ನೆರಳಿಗೆ ಮೇಕೆಗಳು ಮಲಗುತ್ತವೆ. ಹೊರಗಿನಿಂದ ಬಂದವರು "ಇದನ್ಯಾಕೆ ಎತ್ತಿಸಿಲ್ಲ?" ಎಂದು ಕೇಳುತ್ತಾರೆ. "ಇನ್ನೂ ಒಬ್ಬರು ಪಾಲು ಹೇಳ್ಬೇಕು, ಅವರು ಊರು ಬಿಟ್ಟು ಹೋದ್ರು" ಎಂದು ನಾವು ಹೇಳುತ್ತೇವೆ. ನಮ್ಮೂರಿನ ರಸ್ತೆಯ ಮೇಲೆ ಮನುಷ್ಯರ ರಕ್ತ ಬಿದ್ದರೆ ಗಾಡಿ ಅಲ್ಲೇ ನಿಂತುಬಿಡುತ್ತದೆ. ಆ ತಪ್ಪಿನಲ್ಲಿ ಯಾರ್‍ಯಾರಿಗೆ ಪಾಲಿದೆಯೋ ಅವರೆಲ್ಲ ಬಂದು, ಗಾಡಿಯ ಮೇಲೆ ಕೈಯಿಟ್ಟು, ತಮ್ಮ ಪಾಲನ್ನು ತಾವೇ ಬಾಯಿಬಿಟ್ಟು ಹೇಳಬೇಕು. ಒಂದೊಂದು ಪಾಲು ಬಿದ್ದಂತೆಲ್ಲ ಗಾಡಿ ಒಂದಿಷ್ಟು ಸಡಿಲವಾಗುತ್ತದೆ. ಕೊನೆಯ ಪಾಲು ಬಿದ್ದ ಮೇಲೆ ಯಾರು ಬೇಕಾದರೂ ತಳ್ಳಿಕೊಂಡು ಹೋಗಬಹುದು.

ಹಾಗಂತ ನಮ್ಮೂರಿನವರು ಹರಿಶ್ಚಂದ್ರನ ಮೊಮ್ಮಕ್ಕಳೇನಲ್ಲ. ಹಾಲಿಗೆ ನೀರು ಬೆರೆಸುವವರು, ಬದು ಒತ್ತುವವರು ಎಲ್ಲ ಊರಿನಲ್ಲಿ ಇರುವಷ್ಟೇ ಇಲ್ಲೂ ಇದ್ದಾರೆ. ಆದರೆ ಗಾಡಿ ಅಡ್ಡ ನಿಂತರೆ ಬಸ್ಸಿಗೂ ತೊಂದರೆ, ಸಂತೆಗೂ ತೊಂದರೆ. ಅದಕ್ಕೇ ಪಾಲು ಹೇಳುವುದು ರೂಢಿಯಾಗಿ ಮನೆಯೊಳಗೂ ಬಂದುಬಿಟ್ಟಿದೆ. ಹೆಂಡತಿ ಉಪ್ಪಿಟ್ಟು ಸೀಯಿಸಿದರೆ ಗಂಡ "ನನ್ನ ಪಾಲೂ ಐತೆ, ಮಾತಿಗೆ ಹಿಡ್ಕಂಡು ನಿಲ್ಲಿಸ್ದೆ" ಎನ್ನುತ್ತಾನೆ. ಒಂದೇ ಒಂದು ಕಟ್ಟಳೆ ಇದೆ. ಇನ್ನೊಬ್ಬರ ಪಾಲನ್ನು ನಾವು ಬೆರಳು ಮಾಡಿ ತೋರಿಸಬಾರದು. ಹಾಗೆ ತೋರಿಸಿದವರ ಮನೆಯಲ್ಲಿ ಯಾರೂ ನೀರು ಕುಡಿಯುವುದಿಲ್ಲ. ಹಿಂದೊಮ್ಮೆ ಹೊಸದಾಗಿ ಬಂದ ಇನ್‌ಸ್ಪೆಕ್ಟರು ಇದೆಲ್ಲ ಗೊಡ್ಡು ಕಂತೆ ಎಂದು ಕ್ರೇನು ತರಿಸಿದರು. ಸರಪಳಿ ಕಿತ್ತುಬಂತು, ಗಾಡಿ ಬರಲಿಲ್ಲ. ಆಮೇಲೆ ಅವರೂ ಒಂದು ಕುರ್ಚಿ ಹಾಕಿಕೊಂಡು, ಪಾಲು ಹೇಳುವವರಿಗಾಗಿ ಕಾಯುವುದನ್ನು ಕಲಿತರು.

ನಾನು ಚನ್ನಾಜಮ್ಮ. ಗಾಣದ ತಿರುವಿನಲ್ಲಿ ರಾಗಿ ಬೀಸುವ ಮಿಷನ್ನು ಇಟ್ಟುಕೊಂಡಿದ್ದೇನೆ. ಮಿಷನ್ನಿನ ಸದ್ದಿನಲ್ಲಿ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದಾಗಿದೆ, ಪಿಸುಮಾತು ಆಡಿದರೂ ಮೂರು ಮನೆಗೆ ಕೇಳುತ್ತದೆ ಎಂದು ತಂಗಿ ಸಣ್ಣಮ್ಮ ಹಂಗಿಸುತ್ತಾಳೆ. ಹಿಂದೆ ಇಲ್ಲಿ ಎಣ್ಣೆ ಗಾಣವಿತ್ತು. ಅದರ ಎತ್ತರದ ಮಣ್ಣಿನ ಗೋಡೆ ರಸ್ತೆಗೆ ಅಂಟಿಕೊಂಡೇ ಇದೆ, ಹಾಗಾಗಿ ಆ ಕಡೆಯಿಂದ ಏನು ಬರುತ್ತಿದೆ ಎಂದು ಈ ಕಡೆಯವರಿಗೆ ಕಾಣುವುದಿಲ್ಲ. ನಮ್ಮ ಡ್ರಿಲ್ ಮೇಷ್ಟ್ರು ತಿಮ್ಮರಾಯಪ್ಪನವರು ರಿಟೈರಾದ ಮಾರನೆಯ ದಿನವೇ, ಯಾರೂ ಕೇಳದಿದ್ದರೂ, ಆ ತಿರುವಿಗೆ ಬಂದು ನಿಂತರು. ಬಿಳಿ ಷರಟು, ಬಿಳಿ ಪ್ಯಾಂಟು, ಕೊರಳಲ್ಲಿ ಸೀಟಿ. ಅಂಗೈ ಎತ್ತಿದರೆ ಎಲ್ಲರೂ ನಿಲ್ಲಬೇಕು, ಕೈ ಬೀಸಿದರೆ ಹೋಗಬೇಕು. ಬಿಸಿಲೇ ಇರಲಿ, ಗಾಳಿಯೇ ಇರಲಿ, ಅವರು ಆ ಜಾಗ ಬಿಟ್ಟವರಲ್ಲ. ನಮ್ಮ ಮಕ್ಕಳು ಮರಿ ಎಲ್ಲ ಆ ಕೈಯ ಕೆಳಗೇ ರಸ್ತೆ ದಾಟಿ ದೊಡ್ಡವಾದವು. ಆ ಕೈಯ ಮೇಲೆ ನಮಗೆ ಎಷ್ಟು ನಂಬಿಕೆಯಿತ್ತೆಂದರೆ, ರಸ್ತೆ ನೋಡುವ ಅಭ್ಯಾಸವನ್ನೇ ನಾವು ಬಿಟ್ಟುಬಿಟ್ಟಿದ್ದೆವು. ಡ್ರೈವರುಗಳು ಹಾರನ್ನು ಹಾಕುತ್ತಿರಲಿಲ್ಲ. ನಡೆಯುವವರು ಕತ್ತು ತಿರುಗಿಸುತ್ತಿರಲಿಲ್ಲ. ಹೊರಗಿನವರು ನೋಡಿದರೆ ಕುರಿಮಂದೆ ಎನ್ನುತ್ತಿದ್ದರೇನೋ.

ಆ ದಿನ ಬೆಳಿಗ್ಗೆ ಮಿಷನ್ನು ಶುರು ಮಾಡಿ, ಸಣ್ಣಮ್ಮನನ್ನು ಕೂರಿಸಿ, ಎದುರಿನ ಹೋಟೆಲಿಗೆ ಕಾಫಿಗೆಂದು ಹೊರಟೆ. ಕಾಫಿ ಇಲ್ಲದೆ ನನಗೆ ಬೆಳಕು ಹರಿಯುವುದಿಲ್ಲ. ಮೇಷ್ಟ್ರು ಕೈ ಬೀಸಿದರು. ನಾನು ರಸ್ತೆಗೆ ಇಳಿದೆ. ಗವಿರಂಗ ಓಡಿಸುವ ಮಿನಿ ಬಸ್ಸು ಗೋಡೆ ಬಳಸಿಕೊಂಡು ಬಂದೇಬಿಟ್ಟಿತು. ಆಮೇಲಿನದು ನನಗೆ ಚೂರುಚೂರಾಗಿ ನೆನಪಿದೆ. ಒರಟು ಟಾರು ಕೆನ್ನೆಗೆ ತಾಗಿದ್ದು, ಸಣ್ಣಮ್ಮ ಮಿಷನ್ನು ನಿಲ್ಲಿಸಿದ್ದರಿಂದ ಊರೆಲ್ಲ ಒಮ್ಮೆಲೇ ಸದ್ದಡಗಿದ್ದು, ಮೇಷ್ಟ್ರು ಮೈಮೇಲಿನ ಬಿಳಿ ಷರಟನ್ನು ಕಿತ್ತು ನನ್ನ ಕಾಲಿಗೆ ಬಿಗಿದು, ಸೀಟಿಯನ್ನು ಗಂಟಿನೊಳಗೆ ತೂರಿಸಿ ತಿರುವಿ ತಿರುವಿ ಇನ್ನೂ ಬಿಗಿ ಮಾಡಿದ್ದು. ಬರಿಮೈಯಲ್ಲಿ ನನ್ನನ್ನು ಎತ್ತಿಕೊಂಡು ಅವರು ಯಾರದೋ ಆಟೋಗೆ ಓಡಿದರು. ಆಸ್ಪತ್ರೆಯಲ್ಲಿ ನನ್ನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. "ಆ ಕಟ್ಟು ಕಟ್ಟದೇ ಇದ್ದಿದ್ರೆ ನೀವು ಇಲ್ಲಿವರೆಗೂ ಬರ್ತಿರ್ಲಿಲ್ಲ. ಕಟ್ಟಿದವರಿಗೆ ದಿನಾ ಕೈ ಮುಗೀರಿ" ಎಂದರು ಡಾಕ್ಟರಮ್ಮ. ನಾನು ಮುಗಿದೆ. ಇವತ್ತಿಗೂ ಮುಗಿಯುತ್ತೇನೆ. ಕಾಲು ಹೋಯಿತೆಂದು ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಉಸಿರು ಉಳಿಯಿತಲ್ಲ ಎಂದು ಅತ್ತಿದ್ದೇ ಹೆಚ್ಚು.

ತಿರುವಿನ ಸುದ್ದಿಯನ್ನು ಸಣ್ಣಮ್ಮ ಆಸ್ಪತ್ರೆಗೆ ತರುತ್ತಿದ್ದಳು. ಬಸ್ಸು ರಸ್ತೆಗೆ ಅಡ್ಡಲಾಗಿ ನಿಂತಿತ್ತು. ಗವಿರಂಗ ಅದೇ ಕ್ಷಣ ಇಳಿದು ಬಂದು ಕೈಯಿಟ್ಟು, "ಹಾರನ್ನು ಹಾಕ್ಲಿಲ್ಲ, ಗೇರು ಇಳಿಸ್ಲಿಲ್ಲ, ನನ್ನ ಪಾಲು" ಎಂದಿದ್ದನಂತೆ. ಬಸ್ಸು ಒಂದು ಗೇಣು ಅಲುಗಿ ನಿಂತಿತು. ಸಂಜೆಗೆ ಬಸ್ಸಿನ ಸಾಹುಕಾರ ಗುರುಶಾಂತಪ್ಪನವರು ಬಂದು, ಬೆವರು ಒರೆಸಿಕೊಳ್ಳುತ್ತಾ, "ಬ್ರೇಕು ಸವೆದೈತೆ ಅಂತ ಈ ಹುಡುಗ ಹೇಳಿದ್ದ, ಹಬ್ಬ ಆಗ್ಲಿ ಅಂದಿದ್ದೆ" ಎಂದರು. ಬಸ್ಸು ಮತ್ತೊಂದು ಗೇಣು ಅಲುಗಿತು. ಆಮೇಲೆ ಮೇಷ್ಟ್ರೂ ಕೈಯಿಟ್ಟರು. "ನಾನು ಇಲ್ಲೇ ನಿಂತಿದ್ದೆ. ಆದ್ರೂ ಅನಾಹುತ ತಪ್ಪಿಸೋಕೆ ಆಗ್ಲಿಲ್ಲ" ಎಂದರಂತೆ. ಬಸ್ಸು ಮಿಸುಕಲಿಲ್ಲ. "ನೋಡಕ್ಕ, ಅಂಥೋರು ತಾವಾಗೇ ಕೈಯಿಟ್ರೂ ಬಸ್ಸೇ ಬ್ಯಾಡ ಅಂತು. ದೇವರಂಥ ಮನುಷ್ಯ" ಎಂದು ಸಣ್ಣಮ್ಮ ಕಣ್ಣೊರೆಸಿಕೊಂಡಳು. ಮೇಷ್ಟ್ರದು ಏನೂ ಪಾಲಿಲ್ಲ ಎಂದು ಇಡೀ ಊರು ತೀರ್ಮಾನಿಸಿತು. ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಯಾಕೆಂದರೆ ನಾನು ರಸ್ತೆಗೆ ಇಳಿದದ್ದು ಆ ಕೈ ನೋಡಿಯೇ. ಈ ಮಾತನ್ನು ಯಾರಿಗೆ ಹೇಳಲಿ? ಮೇಷ್ಟ್ರು ಪ್ರತಿದಿನ ಎಳನೀರು ಹಿಡಿದುಕೊಂಡು ಆಸ್ಪತ್ರೆಗೆ ಬರುತ್ತಿದ್ದರು. ಮಂಚದ ಪಕ್ಕ ಕೂತು, ಕೊಚ್ಚಿದ ಕಾಯಿಗೆ ತಾವೇ ಕೊಳವೆ ಹಾಕಿ, "ಕುಡಿಯಮ್ಮ, ರಕ್ತ ಆಗುತ್ತೆ" ಎನ್ನುತ್ತಿದ್ದರು. ನನ್ನ ಜೀವ ಉಳಿಸಿದ ಕೈಯಿಂದ ಎಳನೀರು ಕುಡಿಯುತ್ತಾ, ಅದೇ ಕೈ ನನ್ನನ್ನು ರಸ್ತೆಗೆ ಕರೆಯಿತು ಎಂದು ಹೇಗೆ ಹೇಳುವುದು? ಅತ್ತ ದರಿ ಇತ್ತ ಪುಲಿ. ಬಾಯಿ ಮುಚ್ಚಿಕೊಂಡು ಕುಡಿದೆ.

ಬಾಯಿ ಮುಚ್ಚಿಕೊಂಡಷ್ಟೂ ಗವಿರಂಗ ಸೊರಗುತ್ತಿದ್ದ. ಬಸ್ಸು ಹೊರಡುವ ತನಕ ಡ್ರೈವರು ಮನೆಗೆ ಹೋಗುವ ಹಾಗಿಲ್ಲ, ಅದು ನಮ್ಮೂರಿನ ಪದ್ಧತಿ. ಬಸ್ಸಿನಲ್ಲೇ ಮಲಗುತ್ತಿದ್ದ. ಅವನ ಹೆಂಡತಿ ಕೋಮಲ ಎರಡು ಹೊತ್ತೂ ಮುದ್ದೆ ಸಾರು ತಂದಿಟ್ಟರೆ, ಮುಟ್ಟದೆ ವಾಪಸು ಕಳಿಸುತ್ತಿದ್ದ. ಊರು ಎಂದಿನಂತೆ ಹೊಂದಿಕೊಂಡಿತು. ಹೊರಗಿನ ಬಸ್ಸುಗಳು ಗೋಡೆಯಾಚೆಯೇ ನಿಂತವು, ಸೊಪ್ಪು ಮಾರುವವರು ಬಸ್ಸಿನ ನೆರಳಿಗೆ ಬಂದರು, ಹೋಟೆಲಿನ ಲೋಕಪ್ಪ ಬಸ್ಸಿನ ಹಿಂದಿನ ಏಣಿಗೆ ಒದ್ದೆ ಟವೆಲು ಒಣಗಹಾಕತೊಡಗಿದ. ಗವಿರಂಗ ಮಾತ್ರ ಬಸ್ಸು ಕದಲದೇ ಇರುವುದು ತನ್ನ ಪಾಲು ಪೂರ್ತಿ ಬಾರದ್ದರಿಂದಲೇ ಎಂದು ನಂಬಿಬಿಟ್ಟ. ದಿನವೂ ಕೈಯಿಟ್ಟು ಹೊಸ ಹೊಸ ತಪ್ಪು ಹೇಳುತ್ತಿದ್ದನಂತೆ. ಚಿಕ್ಕವನಿದ್ದಾಗ ಪಕ್ಕದ ಮನೆ ಸೀಬೆಕಾಯಿ ಕದ್ದದ್ದು, ಅಪ್ಪನಿಗೆ ಎದುರು ಮಾತಾಡಿದ್ದು, ಮದುವೆಗೆ ಮುಂಚೆ ಇನ್ನೊಂದು ಹುಡುಗಿಗೆ ಬಳೆ ಕೊಡಿಸಿದ್ದು. ಈ ಕೊನೆಯದನ್ನು ಕೇಳಿ ಕೋಮಲ ಒಂದು ಹೊತ್ತು ಊಟ ತರಲಿಲ್ಲ. ಮೊದಮೊದಲು ಜನ ನಕ್ಕರು. ಆಮೇಲೆ ಅವನ ಕೊರಳ ಮೂಳೆ ಎದ್ದು ಕಾಣತೊಡಗಿದಾಗ ನಗುವುದು ನಿಂತಿತು.

ಆಸ್ಪತ್ರೆಯಿಂದ ಬಂದವಳು ನಾನು ಮನೆಗೆ ಹೋಗದೆ ನೇರ ತಿರುವಿಗೇ ಆಟೋ ಬಿಡಿಸಿದೆ. ಸಣ್ಣಮ್ಮನ ಜೊತೆ ಊರುಗೋಲು ಊರಿಕೊಂಡು ಇಳಿದರೆ ಜನ ಸೇರಿದರು. ಗವಿರಂಗ ನನ್ನನ್ನು ನೋಡಿದವನೇ ಬಸ್ಸಿನ ಹಿಂದಕ್ಕೆ ಹೋಗಿ ಅವಿತುಕೊಂಡ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ನಾನು ಒಂದು ಉಪಾಯ ಮಾಡಿಕೊಂಡಿದ್ದೆ. ಬಸ್ಸಿನ ತಗಡಿನ ಮೇಲೆ ಕೈಯಿಟ್ಟು, ನನ್ನ ದೊಡ್ಡ ಗಂಟಲಿನಲ್ಲೇ ಹೇಳಿದೆ: "ನಾನು ಏನೂ ನೋಡ್ದೆ ರಸ್ತೆಗೆ ಇಳಿದೆ. ಉಳಿದ ಪಾಲೆಲ್ಲ ನಂದೇ."

ಬಸ್ಸು ಬಂಡೆಯ ಹಾಗೆ ನಿಂತಿತ್ತು. ಇನ್ನೊಮ್ಮೆ ಹೇಳಿದೆ. ನನಗೆ ಆ ಬಸ್ಸಿನ ಮೇಲೆ ಎಂಥ ಸಿಟ್ಟು ಬಂತೆಂದರೆ ಊರುಗೋಲಿನಿಂದ ಒಂದು ಬಾರಿಸಿದೆ. ಕಾಲು ತಿಂದದ್ದು ಸಾಲದೆಂದು ನನ್ನ ಒಳ್ಳೆಯತನವನ್ನೂ ತಿರಸ್ಕರಿಸುತ್ತದಲ್ಲ ಎಂದು ಅಳು ಬಂತು. ಜನ ತಲೆ ತಗ್ಗಿಸಿಕೊಂಡು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ನಾನು ಬಸ್ಸಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಸ್ವಲ್ಪ ಹೊತ್ತಿಗೆ ಗವಿರಂಗ ಬಂದು ನೆಲದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ಯಾಕಕ್ಕ ಹಂಗೆ ಸುಳ್ಳು ಹೇಳಿದ್ರಿ?" ಎಂದ.

"ಸುಳ್ಳು ಅಂತ ನಿಂಗೇನು ಗೊತ್ತು?"

ಅವನು ಮಣ್ಣು ಕೆದಕಿದ. "ನೀವು ನೋಡಿದ್ರಿ ಕಣಕ್ಕ. ನೀವು ನೋಡಿದ್ದನ್ನೇ ನಾನೂ ನೋಡ್ದೆ."

ಅಷ್ಟೇ ಹೇಳಿದ್ದು. ಹೆಸರು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೀಸಿದ್ದು ಒಂದೇ ಕೈ. ನಾನು ನನಗೆಂದುಕೊಂಡೆ, ಅವನು ತನಗೆಂದುಕೊಂಡ. ಈ ಹುಡುಗ ಅದನ್ನು ಎದೆಯಲ್ಲಿಟ್ಟುಕೊಂಡು ಸೀಬೆಕಾಯಿ ಕದ್ದದ್ದನ್ನೆಲ್ಲ ಊರ ಮುಂದೆ ಹೇಳಿಕೊಂಡು ಕೂತಿದ್ದಾನೆ.

"ಹೇಳ್ಬಿಟ್ಟು ಮನೆಗೆ ಹೋಗ್ಬಾರದೇನೋ?" ಎಂದೆ.

"ನಮ್ಮಪ್ಪ ಕುಡ್ದು ಬಿದ್ದಿರ್ತಿದ್ದಾಗ ನನ್ನನ್ನ ಸ್ಕೂಲಿಗೆ ಎಳ್ಕಂಡು ಹೋದವರು ಅವರು ಕಣಕ್ಕ. ಡ್ರೈವಿಂಗ್ ಕಲಿಸ್ದೋರ ಹತ್ರ ಸೇರಿಸಿದ್ದೂ ಅವರೇ. ಅವರ ಕಡೆ ಬೆರಳು ಮಾಡಿ ನಾನು ಮನೆಗೆ ಹೋಗಿ ಮುದ್ದೆ ನುಂಗ್ಲಾ? ಇಳಿಯುತ್ತಾ ಅದು?"

ಅವನ ತಲೆಯ ಮೇಲೆ ಕೈಯಿಟ್ಟೆ. ನನ್ನ ಕಾಲು ತೆಗೆದವನ ತಲೆ ಅದು ಎಂದು ಆ ಹೊತ್ತಿನಲ್ಲಿ ನನಗೆ ನೆನಪೇ ಆಗಲಿಲ್ಲ.

ಅಷ್ಟರಲ್ಲಿ ಮೇಷ್ಟ್ರು ಬಂದರು. ನಾನು ಊರಿಗೆ ಬಂದ ಸುದ್ದಿ ತಿಳಿದು ಎಳನೀರು ಕೊಚ್ಚಿಸಿಕೊಂಡು ಬಂದಿದ್ದರು. ಕೋಮಲ ಊಟದ ಬುಟ್ಟಿ ಹಿಡಿದುಕೊಂಡು ಬಸ್ಸಿನ ಪಕ್ಕದಲ್ಲಿ ನಿಂತಿದ್ದಳು. ಮೇಷ್ಟ್ರು ನನ್ನ ಮುಂದೆಯೇ ಹಾದುಹೋಗಿ, ಅವಳ ಕೈಗೆ ಎಳನೀರು ಕೊಟ್ಟು, "ಚನ್ನಾಜಮ್ಮ, ನಿಂತ್ಕೋಬೇಡಮ್ಮ, ಕಾಲಿಗೆ ಆಯಾಸ ಆಗುತ್ತೆ" ಎಂದರು. ಕೋಮಲ ಎರಡೂ ಕಾಲಿನ ಮೇಲೆ ನಿಂತು, ನನ್ನ ಕಡೆ ನೋಡುತ್ತಾ, "ಆಯ್ತು ಮೇಷ್ಟ್ರೇ" ಎಂದು ನನ್ನ ದನಿಯಲ್ಲೇ ಹೇಳಿದಳು. ಅವಳಿಗೂ ಗೊತ್ತಿತ್ತು. ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಲೋಕಪ್ಪ ಮುಖ ಆಚೆ ತಿರುಗಿಸಿಕೊಂಡ. ಅವನಿಗೂ ಗೊತ್ತಿತ್ತು. ಕಳೆದ ಯುಗಾದಿಗೇ ನನ್ನ ಮಿಷನ್ನಿನ ಬಾಗಿಲಿಗೆ ಒರಗಿಸಿದ್ದ ರಾಗಿ ಮೂಟೆಗೆ "ದಾರಿ ಬಿಡಪ್ಪ, ಹೆಂಗಸರು ಓಡಾಡ್ತಾರೆ" ಎಂದು ಮೇಷ್ಟ್ರು ಗದರಿದ್ದರು. ನಾನೂ ಸಣ್ಣಮ್ಮನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನಕ್ಕು, ಯಾರಿಗೂ ಹೇಳಬೇಡ ಎಂದು ಅವಳ ಬಾಯಿಗೆ ಬೀಗ ಹಾಕಿದ್ದೆ. ಕಣ್ಣಿಗೆ ಪೊರೆ ಬಂದಿದೆ ಎಂದು ಹೇಳಿದರೆ ಆ ಜಾಗ ಬಿಡಿಸಿದಂತಾಗುತ್ತದೆ, ಜಾಗ ಬಿಟ್ಟರೆ ಅವರು ಬದುಕುತ್ತಾರಾ ಎಂದುಕೊಂಡಿದ್ದೆ. ಅದನ್ನು ಮರ್ಯಾದೆ ಎಂದು ಕರೆದುಕೊಂಡಿದ್ದೆ.

ಮೆಟ್ಟಿಲಿಂದ ಎದ್ದೆ. ಸಣ್ಣಮ್ಮ ತೋಳು ಹಿಡಿದಳು. ಬಸ್ಸಿನ ಮೇಲೆ ಕೈಯಿಟ್ಟೆ. ಈ ಸಲ ಪಿಸುಮಾತಿನಲ್ಲೇ ಹೇಳಿದೆ, ಆದರೂ ಸುತ್ತಲಿನ ಅಂಗಡಿಯವರಿಗೆಲ್ಲ ಕೇಳಿಸಿತು.

"ಮೇಷ್ಟ್ರ ಕಣ್ಣು ಮಂಜಾಗೈತೆ ಅಂತ ನಂಗೆ ಯುಗಾದಿಯಿಂದ ಗೊತ್ತಿತ್ತು. ಅವರ ಮೇಲಿನ ಪ್ರೀತಿಗೆ ನಾನು ಬಾಯಿ ಬಿಡ್ಲಿಲ್ಲ. ಡಾಕ್ಟರ ಹತ್ರ ಕರ್ಕಂಡು ಹೋಗ್ಲೂ ಇಲ್ಲ. ಇದು ನನ್ನ ಪಾಲು."

ಬಸ್ಸು ನರಳಿ, ಮುಂದಿನ ಚಕ್ರ ಕಾಲು ಸುತ್ತು ತಿರುಗಿತು. ಮೇಷ್ಟ್ರು ಖಾಲಿ ಕೈಯಲ್ಲಿ ನಿಂತಿದ್ದರು. ಅವರ ಮುಖವನ್ನು ನೋಡುವ ಧೈರ್ಯ ನನಗಾಗಲಿಲ್ಲ. ಲೋಕಪ್ಪ ಕೈ ಒರೆಸಿಕೊಳ್ಳುತ್ತಾ ಬಂದ. "ನನ್ನ ಹೋಟ್ಲಲ್ಲಿ ದಿನಾ ಕಾಫಿ ಲೋಟ ತಡಕಾಡೋರು. ಕೈಗೆ ಸಿಗೋ ಹಂಗೆ ಇಟ್ಟು ಸುಮ್ನಾಗ್ತಿದ್ದೆ. ನನ್ನ ಪಾಲು" ಎಂದ. ಸಣ್ಣಮ್ಮ ಕೈಯಿಟ್ಟಳು. ಕೋಮಲ ಬುಟ್ಟಿ ಕೆಳಗಿಟ್ಟು ಬಂದು ಕೈಯಿಟ್ಟಳು. ಸೊಪ್ಪಿನವರು, ದರ್ಜಿ, ಆಟೋದವನು ಒಬ್ಬರ ಹಿಂದೆ ಒಬ್ಬರು ಬಂದರು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ ಎನ್ನುತ್ತಾರೆ. ಆ ಹೊರೆಯನ್ನು ಗವಿರಂಗನೊಬ್ಬನ ತಲೆಗೆ ಕಟ್ಟಿ ನಾವೆಲ್ಲ ಸೊಪ್ಪು ಕೊಂಡುಕೊಳ್ಳುತ್ತಿದ್ದೆವಲ್ಲ ಎಂದು ನನಗೆ ನಾಚಿಕೆಯಾಯಿತು.

ಎಲ್ಲರ ಕೈ ಆದ ಮೇಲೆ ಮೇಷ್ಟ್ರು ನಡೆದು ಬಂದರು. ತಡಕಿ ಬಸ್ಸಿನ ತಗಡು ಹುಡುಕಿಕೊಂಡರು. ಆವತ್ತೂ ಅವರು ಇಲ್ಲಿ ಕೈಯಿಟ್ಟಿದ್ದರು, ಆದರೆ ಹೇಳಬೇಕಾದ್ದನ್ನು ಹೇಳಿರಲಿಲ್ಲ. ಈಗ ಡ್ರಿಲ್ಲಿಗೆ ನಿಂತವರ ಹಾಗೆ ನೆಟ್ಟಗೆ ನಿಂತು ಹೇಳಿದರು.

"ನಂಗೆ ಬಸ್ಸು ಕಾಣಿಸ್ಲಿಲ್ಲ. ಒಂದು ವರ್ಷದಿಂದ ನಂಗೆ ಸರಿಯಾಗಿ ಏನೂ ಕಾಣಿಸ್ತಾ ಇಲ್ಲ. ಗೊತ್ತಿದ್ದೂ ನಿಂತೆ. ನಾನು ನಿಲ್ಲದಿದ್ರೆ ನೀವು ಯಾರೂ ನನ್ನ ಮಾತಾಡಿಸಲ್ಲ ಅಂತ ಭಯ ಆಯ್ತು. ಚನ್ನಾಜಮ್ಮನ ಕರೆದಿದ್ದು ನಾನೇ. ಇದು ನನ್ನ ಪಾಲು."

ಬಸ್ಸು ತಾನಾಗಿ ಒಂದಿಷ್ಟು ಹಿಂದಕ್ಕೆ ಉರುಳಿ, ಹಗುರವಾಗಿ ನಿಂತಿತು. ಮೇಷ್ಟ್ರು ಕೈ ತೆಗೆಯಲೇ ಇಲ್ಲ. ನಾನು ಹೋಗಿ ಆ ಕೈ ಹಿಡಿದುಕೊಂಡೆ. "ಕರೆದಿದ್ದೂ ಇದೇ ಕೈ, ಷರಟು ಕಟ್ಟಿದ್ದೂ ಇದೇ ಕೈ ಮೇಷ್ಟ್ರೇ. ಮೊದಲನೇದನ್ನ ನೀವು ಹೇಳಿದ್ರಿ. ಎರಡನೇದನ್ನ ನಾನು ಹೇಳ್ತೀನಿ, ಇರೋ ತನಕ ಹೇಳ್ತೀನಿ" ಎಂದೆ. ಅವರು ಮಗುವಿನ ಹಾಗೆ ಅತ್ತರು. ನಾನೂ ಅತ್ತೆ. ಲೋಕಪ್ಪ ಒಳಗೆ ಹೋಗಿ ಎಲ್ಲರಿಗೂ ಕಾಫಿ ಇಟ್ಟ.

ಗವಿರಂಗ ಬುಟ್ಟಿಯ ಮುಂದೆ ಕೂತು ಮುದ್ದೆ ತಿಂದ. ಕೋಮಲ ಸಾರು ಬಡಿಸುತ್ತಾ, "ಯಾರಿಗೆ ಬಳೆ ಕೊಡಿಸಿದ್ದು ಅಂತ ಮನೆಗೆ ಬಾ, ಕೇಳ್ತೀನಿ" ಎಂದಳು. ಬಹಳ ದಿನದ ಮೇಲೆ ಆ ತಿರುವಿನಲ್ಲಿ ಜನ ನಕ್ಕರು. ಆದರೆ ಬಸ್ಸು ತೆಗೆಯಲು ಹೋದವನು ಬಾಗಿಲ ಹಿಡಿ ಹಿಡಿದುಕೊಂಡು ನಿಂತೇಬಿಟ್ಟ. "ನನ್ನ ಕೈಲಾಗಲ್ಲ. ಬೇರೆ ಡ್ರೈವರ್ನ ಕರೆಸ್ರಿ" ಎಂದ. ಸುದ್ದಿ ತಿಳಿದು ಬಂದಿದ್ದ ಸಾಹುಕಾರರು ಏನೋ ಹೇಳಲು ಹೊರಟರು. ನಾನು ಅವರನ್ನು ಸುಮ್ಮನಿರಿಸಿ, ಸಣ್ಣಮ್ಮನ ಹೆಗಲು ಹಿಡಿದು, ಒಂದೊಂದೇ ಮೆಟ್ಟಿಲು ಹತ್ತಿ, ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತೆ. ಊರುಗೋಲನ್ನು ಪಕ್ಕಕ್ಕಿಟ್ಟೆ.

"ನನ್ನ ಮನೆಗೆ ಬಿಡಪ್ಪ" ಎಂದೆ. "ಮುಂಚೆ ನಡ್ಕಂಡು ಹೋಗ್ತಿದ್ದೆ. ಇನ್ಮೇಲೆ ನಿನ್ನ ಬಸ್ಸೇ ನಂಗೆ ಗತಿ. ನೀನು ಓಡಿಸಲ್ಲ ಅಂದ್ರೆ ನಾನು ಹೆಂಗೆ ಓಡಾಡ್ಲಿ?"

ಅವನು ಹತ್ತಿದ. ಮೇಷ್ಟ್ರನ್ನು ಕೋಮಲ ಕೈಹಿಡಿದು ಹತ್ತಿಸಿ ನನ್ನ ಪಕ್ಕ ಕೂರಿಸಿದಳು. ಲೋಕಪ್ಪ, ಸೊಪ್ಪಿನವರು, ದರ್ಜಿ, ಕೆಲಸವಿದ್ದವರು ಇಲ್ಲದವರು ಎಲ್ಲರೂ ಹತ್ತಿದರು. ಗವಿರಂಗ ಗಾಡಿ ಶುರು ಮಾಡಿ ಗೋಡೆಯ ತನಕ ತಂದು ನಿಲ್ಲಿಸಿದ. ರೂಢಿಯಂತೆ ಅವನ ಕಣ್ಣು ಮೇಷ್ಟ್ರು ನಿಲ್ಲುತ್ತಿದ್ದ ಜಾಗಕ್ಕೆ ಹೋಯಿತು. ಅಲ್ಲಿ ಯಾರೂ ಇರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಹೋಗ್ಲಾ ಅಕ್ಕ?" ಎಂದು ಕೇಳಿದ.

"ನನ್ನನ್ನ ಕೇಳ್ಬೇಡ. ನೀನೇ ನೋಡ್ಕಂಡು ಹೋಗು" ಎಂದೆ.

ಅವನು ಬಸ್ಸಿನಿಂದ ಇಳಿದು, ಗೋಡೆಯ ಅಂಚಿನ ತನಕ ನಡೆದುಹೋಗಿ, ಆ ಕಡೆ ಈ ಕಡೆ ಎರಡೂ ಕಡೆ ನೋಡಿದ. ಇನ್ನೊಂದು ಸಲ ನೋಡಿದ. ಬಸ್ಸಿನ ತುಂಬ ಜನ ಕೂತಿದ್ದೆವು. ಬೇಗ ಬಾ ಎಂದು ಯಾರೂ ಅನ್ನಲಿಲ್ಲ.